ಮೊಳೆ ಅಂಗಡಿಯದು, ಉಳಿದದ್ದೆಲ್ಲ ಫೈಲಿನದು

2013ರ ಮೇ ತಿಂಗಳಲ್ಲಿ ಅಮೆರಿಕದ ಟೆಕ್ಸಾಸ್‌ನ ಕೋಡಿ ವಿಲ್ಸನ್ ಎಂಬ ಕಾನೂನು ವಿದ್ಯಾರ್ಥಿ ಒಂದು ಪಿಸ್ತೂಲಿನ ವಿನ್ಯಾಸದ ಫೈಲನ್ನು ಅಂತರಜಾಲಕ್ಕೆ ಏರಿಸಿದರು. ಅದರ ಹೆಸರು ‘ಲಿಬರೇಟರ್’. ಒಟ್ಟು 16 ಬಿಡಿಭಾಗಗಳು. ಹದಿನೈದನ್ನು ತ್ರೀಡಿ ಪ್ರಿಂಟರ್ ಪ್ಲಾಸ್ಟಿಕ್ಕಿನಲ್ಲಿ ಮುದ್ರಿಸುತ್ತದೆ. ಹದಿನಾರನೆಯದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮಾಮೂಲಿ ಮೊಳೆ. ಕುದುರೆ ಎಳೆದಾಗ ತೋಟೆಯ ಬೆನ್ನಿಗೆ ಬಡಿಯುವುದು ಈ ಮೊಳೆಯೇ. ಇವುಗಳ ಜೊತೆಗೆ ಚೌಕಟ್ಟಿನೊಳಗೆ ಒಂದು ಉಕ್ಕಿನ ತುಂಡನ್ನು ಕೂರಿಸಬೇಕು. ಗುಂಡು ಹಾರಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಲೋಹಶೋಧಕಕ್ಕೆ ಸಿಗದ ಬಂದೂಕನ್ನು ಅಮೆರಿಕದ 1988ರ ಕಾಯ್ದೆಯೊಂದು ನಿಷೇಧಿಸಿದೆ, ಅದಕ್ಕಾಗಿ ಈ ತುಂಡು. ಬೇಡವೆಂದವನು ತೆಗೆದುಹಾಕಬಹುದು. ಕಾನೂನಿಗೆ ತಲೆಬಾಗುವ ಉಕ್ಕು ಮತ್ತು ಕೊಲ್ಲುವ ಮೊಳೆ, ಎರಡೂ ಫೈಲಿನ ಹೊರಗೇ ಇದ್ದವು.

ಎರಡೇ ದಿನಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡೌನ್‌ಲೋಡ್‌ಗಳಾದವು. ಮನೆಮನೆಯಲ್ಲೂ ಬಂದೂಕು ಮುದ್ರಣವಾಗುತ್ತದೆ ಎಂಬ ಗಾಬರಿ ಪತ್ರಿಕೆಗಳಲ್ಲಿ ತುಂಬಿತ್ತು. ಆ ಗಾಬರಿಗೆ ಭೌತವಿಜ್ಞಾನದ ಬೆಂಬಲ ಅಷ್ಟಾಗಿ ಇರಲಿಲ್ಲ. ಲಿಬರೇಟರ್ ಬಳಸುವ .380 ಅಳತೆಯ ತೋಟೆ ಸಿಡಿದಾಗ ನಳಿಕೆಯ ಬುಡದಲ್ಲಿ ಒತ್ತಡ ಚದರ ಇಂಚಿಗೆ 21,500 ಪೌಂಡ್‌ಗಳವರೆಗೆ ಏರಬಹುದು. ಕಾರಿನ ಟೈರಿಗೆ ನಾವು ತುಂಬಿಸುವ ಗಾಳಿ ಮೂವತ್ತು ಚಿಲ್ಲರೆ ಪೌಂಡ್. ಇದನ್ನು ಮುದ್ರಿಸುವ ಎಬಿಎಸ್ ಪ್ಲಾಸ್ಟಿಕ್ ಎಳೆತಕ್ಕೆ ತಡೆಯುವುದು ಹೆಚ್ಚೆಂದರೆ ಆರು ಸಾವಿರ ಪೌಂಡ್‌ಗಳ ಆಸುಪಾಸು. ಸಾಲದ್ದಕ್ಕೆ ಮುದ್ರಿತ ವಸ್ತು ಪದರದ ಮೇಲೆ ಪದರ ಕೂತು ಬೆಳೆದದ್ದು. ಪದರಗಳ ನಡುವಿನ ಬೆಸುಗೆ ಪ್ಲಾಸ್ಟಿಕ್ಕಿಗಿಂತಲೂ ದುರ್ಬಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಪೊಲೀಸರು ಅದೇ ತಿಂಗಳು ಎರಡು ಲಿಬರೇಟರ್‌ಗಳನ್ನು ಮುದ್ರಿಸಿ ಪರೀಕ್ಷಿಸಿದರು. ಒಂದರ ಗುಂಡು ಗುರಿಗಿಟ್ಟ ಜೆಲ್ಲಿಯೊಳಗೆ ಆಳಕ್ಕೆ ಹೊಕ್ಕಿತು. ಇನ್ನೊಂದು ಸಿಡಿದು ಚೂರಾಯಿತು. ಹಿಡಿದವನಿಗೂ ಎದುರಿದ್ದವನಿಗೂ ಒಂದೇ ಪ್ರಮಾಣದ ಅಪಾಯ ಒಡ್ಡುವ ಆಯುಧ ಅದು. ಅದೇ ವರ್ಷ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯ ಅದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಅದಕ್ಕೆ ತಕ್ಕ ಜಾಗ ಅದೇ ಎಂದು ನನಗನ್ನಿಸುತ್ತದೆ.

ಆದರೆ ಕಾನೂನಿನ ಮಟ್ಟಿಗೆ ಲಿಬರೇಟರ್ ಎಬ್ಬಿಸಿದ ಗೊಂದಲ ಇಂದಿಗೂ ತಿಳಿಯಾಗಿಲ್ಲ. ಮೇ 8ರಂದು ವಿಲ್ಸನ್ ಅವರಿಗೆ ಫೈಲ್ ತೆಗೆಯುವಂತೆ ಪತ್ರ ಬಂತು. ಬರೆದದ್ದು ಪೊಲೀಸರಲ್ಲ, ಬಂದೂಕು ನಿಯಂತ್ರಣದ ಇಲಾಖೆಯೂ ಅಲ್ಲ, ವಿದೇಶಾಂಗ ಇಲಾಖೆ. ಸ್ವಂತ ಬಳಕೆಗೆ ಮನೆಯಲ್ಲಿ ಬಂದೂಕು ಮಾಡಿಕೊಳ್ಳುವುದು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅಪರಾಧವಲ್ಲ. ಹಾಗಾಗಿ ಸರ್ಕಾರ ಹಿಡಿದ ಎಳೆ ರಫ್ತಿನದು. ಶಸ್ತ್ರಾಸ್ತ್ರದ ತಾಂತ್ರಿಕ ಮಾಹಿತಿಯನ್ನು ಪರದೇಶದವರಿಗೆ ಕೊಡಲು ಪರವಾನಗಿ ಬೇಕು. ಅಂತರಜಾಲವನ್ನು ಪರದೇಶದವರೂ ನೋಡುತ್ತಾರೆ. ಆದ್ದರಿಂದ ಜಾಲತಾಣಕ್ಕೆ ಏರಿಸಿದ್ದು ರಫ್ತು. ಹಡಗು, ಕಸ್ಟಮ್ಸ್, ಮರದ ಪೆಟ್ಟಿಗೆಗಳ ಕಾಲಕ್ಕೆ ಬರೆದ ನಿಯಮವನ್ನು ಒಂದು ಮೌಸ್ ಕ್ಲಿಕ್ಕಿಗೆ ತೊಡಿಸಿದ ಪರಿ ಇದು.

ಹೀಗೆ ತೊಡಿಸಿದ್ದು ಮೊದಲ ಸಲವೇನೂ ಆಗಿರಲಿಲ್ಲ. ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸುವ ತಂತ್ರಾಂಶಗಳೂ 1990ರ ದಶಕದ ಮಧ್ಯದವರೆಗೆ ಅಮೆರಿಕದ ಯುದ್ಧಸಾಮಗ್ರಿ ಪಟ್ಟಿಯಲ್ಲಿದ್ದವು. ಫಿಲ್ ಝಿಮ್ಮರ್‌ಮನ್ 1991ರಲ್ಲಿ ಪಿಜಿಪಿ ಎಂಬ ತಂತ್ರಾಂಶವನ್ನು ಎಲ್ಲರಿಗೂ ಹಂಚಿದ್ದಕ್ಕೆ ಮೂರು ವರ್ಷ ಕ್ರಿಮಿನಲ್ ತನಿಖೆ ಎದುರಿಸಿದರು. ಅದರ ಮೂಲ ಸಂಕೇತವನ್ನೆಲ್ಲ (ಸೋರ್ಸ್ ಕೋಡ್) ಎಂಐಟಿ ಪ್ರೆಸ್ 1995ರಲ್ಲಿ ದಪ್ಪ ಪುಸ್ತಕವಾಗಿ ಅಚ್ಚು ಹಾಕಿತು. ಪುಸ್ತಕಕ್ಕೆ ರಫ್ತು ನಿರ್ಬಂಧವಿಲ್ಲ; ಕೊಂಡವರು ಪುಟಗಳನ್ನು ಸ್ಕ್ಯಾನ್ ಮಾಡಿಕೊಂಡರಾಯಿತು. ಇನ್ನೂ ತಮಾಷೆಯ ಸಂಗತಿಯೆಂದರೆ, ಗೂಢಲಿಪಿಯ ಪಠ್ಯಪುಸ್ತಕವೊಂದನ್ನು ಹೊರದೇಶಕ್ಕೆ ಕಳಿಸಬಹುದು, ಅದೇ ಪುಸ್ತಕದಲ್ಲಿ ಅಚ್ಚಾಗಿದ್ದ ಸಾಲುಗಳನ್ನು ತುಂಬಿದ ಫ್ಲಾಪಿಗೆ ಮಾತ್ರ ಪರವಾನಗಿ ಬೇಕು ಎಂದು 1994ರಲ್ಲಿ ಇಲಾಖೆ ತೀರ್ಮಾನಿಸಿತ್ತು. ಈ ನಿಯಮಗಳ ವಿರುದ್ಧ ಡೇನಿಯಲ್ ಬರ್ನ್‌ಸ್ಟೈನ್ ಎಂಬ ಗಣಿತಜ್ಞರು ದಾವೆ ಹೂಡಿದರು. ತಂತ್ರಾಂಶದ ಮೂಲ ಸಂಕೇತವೂ ಮಾತೇ, ಅದಕ್ಕೂ ಸಂವಿಧಾನದ ವಾಕ್ ಸ್ವಾತಂತ್ರ್ಯದ ರಕ್ಷಣೆ ಉಂಟು ಎಂದು 1996ರಲ್ಲಿ ನ್ಯಾಯಾಧೀಶೆ ಮರ್ಲಿನ್ ಹಾಲ್ ಪಟೇಲ್ ತೀರ್ಪಿತ್ತರು. ಇಂದು ನಾವು ಯುಪಿಐ ಮೂಲಕ ಹಣ ಕಳಿಸುವಾಗ ಬಳಕೆಯಾಗುವ ಗಣಿತ ಒಂದು ಕಾಲಕ್ಕೆ ಟ್ಯಾಂಕು, ಕ್ಷಿಪಣಿಗಳ ಪಕ್ಕದಲ್ಲಿ ಪಟ್ಟಿಯಾಗಿತ್ತು.

ವಿಲ್ಸನ್ ಅವರ ವಕೀಲರು 2015ರಲ್ಲಿ ಹೂಡಿದ ಮೊಕದ್ದಮೆ ಇದೇ ವಾದದ ಮೇಲೆ ನಿಂತಿತ್ತು. ಮುಂದಿನದು ಆರು ವರ್ಷಗಳ ಹಗ್ಗಜಗ್ಗಾಟ. 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರಿಗೆ ಮಧ್ಯಂತರ ಪರಿಹಾರ ನಿರಾಕರಿಸಿತು. 2018ರಲ್ಲಿ ಫೈಲ್ ಪ್ರಕಟಣೆಗೆ ಒಪ್ಪಿ ಸರ್ಕಾರವೇ ರಾಜಿಗೆ ಬಂತು. ಆ ಜುಲೈ ಕೊನೆಯಲ್ಲಿ ಸಿಯಾಟಲ್‌ನ ನ್ಯಾಯಾಧೀಶ ರಾಬರ್ಟ್ ಲಾಸ್ನಿಕ್ ಹಲವು ರಾಜ್ಯಗಳ ಕೋರಿಕೆಯ ಮೇಲೆ ಅದಕ್ಕೆ ತಡೆಯಾಜ್ಞೆ ಕೊಟ್ಟರು. 2020ರಲ್ಲಿ ಇಂಥ ಫೈಲುಗಳ ಉಸ್ತುವಾರಿಯನ್ನು ವಾಣಿಜ್ಯ ಇಲಾಖೆಗೆ ವರ್ಗಾಯಿಸುವ ನಿಯಮ ಬಂತು; ನ್ಯಾಯಾಲಯದ ತಡೆ ತೆರವಾಗಿ ಫೈಲುಗಳಿಗೆ ಅದು ಜಾರಿಯಾದದ್ದು 2021ರಲ್ಲಿ. ಈ ಎಲ್ಲ ಕಾಲದಲ್ಲೂ ಮೂಲ ಫೈಲ್ ಬೇರೆ ಬೇರೆ ತಾಣಗಳಲ್ಲಿ ನಿರಾತಂಕವಾಗಿ ಸಿಗುತ್ತಿತ್ತು. ನ್ಯಾಯಾಲಯ ತಡೆಯುತ್ತಿದ್ದದ್ದು ಒಬ್ಬ ಮನುಷ್ಯನನ್ನು, ಫೈಲನ್ನಲ್ಲ.

ವಾಣಿಜ್ಯ ಇಲಾಖೆಯ 2020ರ ನಿಯಮದಲ್ಲಿ ಒಂದು ಸೂಕ್ಷ್ಮ ಗೆರೆಯಿದೆ, ಅದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಸಾಮಾನ್ಯವಾಗಿ ಎಲ್ಲರಿಗೂ ಪ್ರಕಟವಾಗಿರುವ ಮಾಹಿತಿಗೆ ರಫ್ತು ನಿಯಂತ್ರಣ ಅನ್ವಯಿಸುವುದಿಲ್ಲ. ಆದರೆ ಪ್ರಿಂಟರಿಗೆ ನೇರವಾಗಿ ಉಣಿಸಿದರೆ ಬಂದೂಕಿನ ಚೌಕಟ್ಟನ್ನೋ ಇಡೀ ಬಂದೂಕನ್ನೋ ಹೊರಹಾಕಬಲ್ಲ ಫೈಲನ್ನು ಅಂತರಜಾಲದಲ್ಲಿ ಇಟ್ಟರೆ ಈ ವಿನಾಯಿತಿ ಸಿಗದು. ಮನುಷ್ಯ ಓದಿ ತಿಳಿಯುವ ಬರಹ ಒಂದು ಕಡೆ, ಯಂತ್ರ ಓದಿ ಪಾಲಿಸುವ ಆಜ್ಞೆ ಇನ್ನೊಂದು ಕಡೆ. ಮೊದಲನೆಯದಕ್ಕೆ ಓದುಗನ ಕೈಚಳಕ, ತಾಳ್ಮೆ, ತಪ್ಪು ಮಾಡಿ ಕಲಿಯುವ ವರ್ಷಗಳು ಬೇಕು. ಎರಡನೆಯದಕ್ಕೆ ಬೇಕಾದದ್ದು ವಿದ್ಯುತ್ತು ಮತ್ತು ಒಂದು ರೋಲು ಪ್ಲಾಸ್ಟಿಕ್. ಇದುವರೆಗೆ ಯಾರೂ ಎಳೆದಿರುವ ಗೆರೆಗಳಲ್ಲಿ ನನಗೆ ಅತ್ಯಂತ ಪ್ರಾಮಾಣಿಕವಾಗಿ ಕಾಣುವುದು ಇದೇ. ಬರ್ನ್‌ಸ್ಟೈನ್ ತೀರ್ಪಿನೊಂದಿಗೆ ಇದು ಎಲ್ಲೋ ಒಂದು ಕಡೆ ಡಿಕ್ಕಿ ಹೊಡೆಯುತ್ತದೆ ಎಂಬುದೂ ನಿಜ, ಏಕೆಂದರೆ ತಂತ್ರಾಂಶದ ಪ್ರತಿ ಸಾಲನ್ನೂ ಮನುಷ್ಯ ಓದುತ್ತಾನೆ, ಯಂತ್ರ ಪಾಲಿಸುತ್ತದೆ.

ಹಾಗಾದರೆ ಪ್ರಿಂಟರಿಗೇ ಬುದ್ಧಿ ಕಲಿಸಬಾರದೇ? ಕೇಳುವವರು ಬಹಳ. ಕಲರ್ ಫೋಟೊಕಾಪಿ ಯಂತ್ರಕ್ಕೆ ಕರೆನ್ಸಿ ನೋಟು ಇಟ್ಟರೆ ಎಷ್ಟೋ ಯಂತ್ರಗಳು ನಕಲು ತೆಗೆಯಲು ಒಪ್ಪುವುದಿಲ್ಲ. ಅನೇಕ ದೇಶಗಳ ನೋಟುಗಳಲ್ಲಿ ಸಣ್ಣ ಉಂಗುರಗಳ ಒಂದು ಗೊತ್ತಾದ ವಿನ್ಯಾಸವನ್ನು ಬೇಕೆಂದೇ ಅಡಗಿಸಿಟ್ಟಿರುತ್ತಾರೆ. ಯಂತ್ರ ಹುಡುಕುವುದು ಅದನ್ನು. ನೋಟು ಅಚ್ಚು ಹಾಕುವ ಬ್ಯಾಂಕಿಗೆ ಗುರುತು ಸಿಗಬೇಕೆಂಬ ಆಸೆಯಿದೆ, ಬಂದೂಕು ಮುದ್ರಿಸುವವನಿಗೆ ಇಲ್ಲ. ಪ್ರಿಂಟರಿಗೆ ತಲುಪುವ ಹೊತ್ತಿಗೆ ಆಕಾರವೆಲ್ಲ ಕರಗಿ, ಸೂಜಿಮೂತಿ ಎಲ್ಲಿಂದ ಎಲ್ಲಿಗೆ ಚಲಿಸಬೇಕು ಎಂಬ ಲಕ್ಷಾಂತರ ಗೆರೆಗಳಾಗಿರುತ್ತದೆ. ಅದರಲ್ಲಿ ಬಂದೂಕಿನ ಹಿಡಿಗೂ ಡ್ರಿಲ್ಲಿಂಗ್ ಯಂತ್ರದ ಹಿಡಿಗೂ ಭೇದ ಹುಡುಕುವುದು ಸುಲಭವಲ್ಲ. ತುಂಡು ಮಾಡಿ, ಓರೆಯಾಗಿ ಇಟ್ಟು ಮುದ್ರಿಸಿದರೆ ಇನ್ನೂ ಕಷ್ಟ. ನ್ಯೂ ಸೌತ್ ವೇಲ್ಸ್ ಬೇರೆ ದಾರಿ ಹಿಡಿಯಿತು: ಅನುಮತಿಯಿಲ್ಲದೆ ಬಂದೂಕಿನ ಡಿಜಿಟಲ್ ನಕ್ಷೆ ಇಟ್ಟುಕೊಳ್ಳುವುದೇ ಅಲ್ಲಿ 2015ರಿಂದ ಅಪರಾಧ, ಗರಿಷ್ಠ ಶಿಕ್ಷೆ 14 ವರ್ಷ.

ಲಿಬರೇಟರ್ ಆಟಿಕೆಯಂತಿತ್ತು, ಅದರ ನಂತರ ಬಂದವು ಹಾಗಿಲ್ಲ. 2020ರಲ್ಲಿ ಬಿಡುಗಡೆಯಾದ ಎಫ್‌ಜಿಸಿ-9 ಎಂಬ ವಿನ್ಯಾಸ ಒತ್ತಡ ಬೀಳುವ ಕಡೆಗಳಲ್ಲಿ ಲೋಹವನ್ನೂ ಉಳಿದೆಡೆ ಪ್ಲಾಸ್ಟಿಕ್ಕನ್ನೂ ಬಳಸುತ್ತದೆ. ಯುರೋಪಿನಲ್ಲಿ ಪರವಾನಗಿ ಬೇಕಾದ ಯಾವ ಬಿಡಿಭಾಗವನ್ನೂ ಕೇಳುವುದಿಲ್ಲ. 2021ರ ಫೆಬ್ರುವರಿಯಲ್ಲಿ ಮ್ಯಾನ್ಮಾರ್ ಸೇನೆ ಅಧಿಕಾರ ಕಸಿದುಕೊಂಡ ಮೇಲೆ ಕಾಡು ಸೇರಿದ ಯುವಕರ ಕೈಯಲ್ಲಿ ಈ ಬಂದೂಕು ಕಾಣಿಸಿತು. ಫಿನ್‌ಲೆಂಡ್‌ನಲ್ಲಿ 2023ರಲ್ಲಿ ಭಯೋತ್ಪಾದನೆಯ ಅಪರಾಧಕ್ಕೆ ಶಿಕ್ಷೆಯಾದ ಬಲಪಂಥೀಯ ಉಗ್ರರೂ ಇದೇ ಫೈಲನ್ನು ಮುದ್ರಿಸಿದ್ದರು. ವಿನ್ಯಾಸಕಾರ ಒಬ್ಬನೇ, ಫೈಲೂ ಒಂದೇ. ಮ್ಯಾನ್ಮಾರಿನ ಹುಡುಗರ ಪಕ್ಷ ವಹಿಸುವವರು ಫಿನ್‌ಲೆಂಡ್‌ನ ಲೆಕ್ಕವನ್ನೂ ಹೊರಬೇಕಾಗುತ್ತದೆ. ದಬ್ಬಾಳಿಕೆಯ ವಿರುದ್ಧ ಜನರಿಗೆ ಆಯುಧ ಕೊಡುತ್ತಿದ್ದೇವೆ ಎನ್ನುವವರು ‘ಜನ’ ಎಂದರೆ ಯಾರು ಎಂಬುದನ್ನು ಆರಿಸುವ ಅಧಿಕಾರ ತಮಗಿಲ್ಲ ಎಂಬುದನ್ನು ಹೇಳದೆ ಮುಂದೆ ಸಾಗುತ್ತಾರೆ. ನನ್ನ ತಕರಾರು ಅಲ್ಲಿ.

ಇದರ ತಿರುವುಮುರುವು ಕಥೆಯೊಂದಿದೆ, ನನಗೆ ಅದು ಹೆಚ್ಚು ಕಾಡುತ್ತದೆ. ಪತ್ರಕರ್ತ ಕ್ರಿಸ್ ಆ್ಯಂಡರ್ಸನ್ 2007ರಲ್ಲಿ ತಮ್ಮ ಮಕ್ಕಳ ಜೊತೆ ಕೂತು ಲೆಗೋ ರೋಬಾಟ್ ಕಿಟ್ಟಿನಿಂದ ಪುಟ್ಟ ವಿಮಾನವೊಂದಕ್ಕೆ ಸ್ವಯಂಚಾಲಕ ಮಾಡಿದರು, ನಂತರ ಹವ್ಯಾಸಿಗಳಿಗಾಗಿ ಒಂದು ಜಾಲತಾಣ ತೆರೆದರು. ಮೆಕ್ಸಿಕೊ ಮೂಲದ ಜೋರ್ಡಿ ಮುನ್ಯೋಸ್ ಎಂಬ ತರುಣ ವಿಡಿಯೊ ಗೇಮಿನ ಕಂಟ್ರೋಲರಿನಿಂದ ಸಂವೇದಕಗಳನ್ನು ಕಿತ್ತು ಆಟಿಕೆ ಹೆಲಿಕಾಪ್ಟರ್ ಹಾರಿಸಿ ಅಲ್ಲಿ ಹೆಸರಾದರು. ಅಲ್ಲಿಂದ ಬೆಳೆದದ್ದು ಡ್ರೋನನ್ನು ತಾನೇ ಹಾರಿಸುವ ಆರ್ಡುಪೈಲಟ್ ಎಂಬ ಮುಕ್ತ ತಂತ್ರಾಂಶ, ಅಂದರೆ ಮೂಲ ಸಂಕೇತ ಎಲ್ಲರಿಗೂ ತೆರೆದಿರುವ ‘ಓಪನ್ ಸೋರ್ಸ್’. ಇಂದು ಜಗತ್ತಿನಾದ್ಯಂತ ಬೆಳೆ ಸಮೀಕ್ಷೆ, ನಕ್ಷೆ ತಯಾರಿ, ಶೋಧ ಕಾರ್ಯಗಳ ಡ್ರೋನುಗಳು ಇದರ ಮೇಲೆ ಹಾರುತ್ತವೆ. ಬೆಂಗಳೂರಿನ ಡ್ರೋನ್ ಕಂಪನಿಗಳಲ್ಲಾಗಲಿ ಎಂಜಿನಿಯರಿಂಗ್ ಕಾಲೇಜುಗಳ ಸ್ಪರ್ಧಾ ತಂಡಗಳಲ್ಲಾಗಲಿ ಈ ಹೆಸರು ಕೇಳದವರು ವಿರಳ.

2025ರ ಜೂನ್ 1ರಂದು ಉಕ್ರೇನ್, ಲಾರಿಗಳ ಮೇಲಿನ ಮರದ ಗೂಡುಗಳಲ್ಲಿ ಅಡಗಿಸಿ ರಷ್ಯಾದೊಳಕ್ಕೆ ಸಾಗಿಸಿದ್ದ 117 ಡ್ರೋನುಗಳನ್ನು ಹಾರಿಸಿ ವಾಯುನೆಲೆಗಳಲ್ಲಿ ನಿಂತಿದ್ದ ಬಾಂಬರ್‌ಗಳನ್ನು ಸುಟ್ಟಿತು. ಅವುಗಳಲ್ಲೊಂದು ನೆಲೆ ಸೈಬೀರಿಯಾದ ಬೆಲಾಯಾ, ಉಕ್ರೇನಿನಿಂದ ನಾಲ್ಕು ಸಾವಿರ ಕಿಲೋಮೀಟರಿಗೂ ದೂರ. ಬಿಡುಗಡೆಯಾದ ವಿಡಿಯೊಗಳ ಪರದೆಯ ಮೇಲಿನ ಅಂಕಿಗಳನ್ನು ನೋಡಿದವರು ಇದು ಆರ್ಡುಪೈಲಟ್ ಎಂದು ಗುರುತಿಸಿದರು. ಆ್ಯಂಡರ್ಸನ್ ಅವರೂ ಅದನ್ನು ಪ್ರಸ್ತಾಪಿಸಿದರು. ಲೆಗೋ ಆಟಿಕೆಯಿಂದ ಹುಟ್ಟಿದ ಯೋಜನೆ ಎಂದು ಆ ದಿನ ಯಾರೂ ನಗಲಿಲ್ಲ.

ಆರ್ಡುಪೈಲಟ್‌ನ ನಿರ್ವಾಹಕರು ತಮ್ಮ ನೀತಿಸಂಹಿತೆಯಲ್ಲಿ, ಇದನ್ನು ಆಯುಧವಾಗಿಸುವ ಕೆಲಸಕ್ಕೆ ತಿಳಿದೂ ತಿಳಿದೂ ನೆರವಾಗುವುದಿಲ್ಲ ಎಂದು ಬರೆದುಕೊಂಡಿದ್ದಾರೆ. ಆದರೆ ಅದು ನಿರ್ವಾಹಕರ ಮಾತು, ಲೈಸೆನ್ಸಿನ ಷರತ್ತಲ್ಲ. ತಂತ್ರಾಂಶ ಹೊರಬರುವುದು ಜಿಪಿಎಲ್ ಎಂಬ ಲೈಸೆನ್ಸಿನಡಿ, ಅದು ನಿಂತಿರುವ ತತ್ತ್ವದ ಮೊದಲ ಮಾತೇ ಯಾರು ಯಾವ ಉದ್ದೇಶಕ್ಕಾದರೂ ಓಡಿಸಬಹುದು ಎಂದು. ಯಾವ ಕ್ಷೇತ್ರದ ಬಳಕೆಯನ್ನೂ ನಿಷೇಧಿಸಬಾರದು ಎಂಬುದು ಓಪನ್ ಸೋರ್ಸ್ ವ್ಯಾಖ್ಯಾನದೊಳಗೇ ಇದೆ. ಮಾನವ ಹಕ್ಕುಗಳನ್ನು ಉಲ್ಲಂಘಿಸುವವರು ಬಳಸಕೂಡದು ಎನ್ನುವ ‘ಹಿಪೊಕ್ರಟಿಕ್ ಲೈಸೆನ್ಸ್’ 2019ರಲ್ಲಿ ಬಂದಾಗ ಅದನ್ನು ಓಪನ್ ಸೋರ್ಸ್ ಎಂದು ಹಿರಿಯರು ಒಪ್ಪಲಿಲ್ಲ. ಒಪ್ಪಿದ್ದರೂ ಯುದ್ಧದಲ್ಲಿರುವ ಸರ್ಕಾರವೊಂದಕ್ಕೆ ಕೃತಿಸ್ವಾಮ್ಯದ ನೋಟಿಸು ಕಳಿಸುವವರು ಯಾರು? ಜಿಪಿಎಲ್ ಪ್ರಕಾರ ತಂತ್ರಾಂಶ ಕೈಸೇರಿದವನಿಗೆ ಮೂಲ ಸಂಕೇತ ಕೇಳುವ ಹಕ್ಕಿದೆ. ಡ್ರೋನು ತಲೆಯ ಮೇಲೆ ಬಿದ್ದವನಿಗೂ ಈ ಹಕ್ಕು ಬರುತ್ತದೆಯೇ ಎಂಬ ಕಹಿ ಹಾಸ್ಯಕ್ಕೆ ವಕೀಲರ ಬಳಿ ಉತ್ತರವಿರಲಾರದು.

ತಾಂತ್ರಿಕವಾಗಿಯೂ ಬೇರ್ಪಡಿಸಲು ಜಾಗವಿಲ್ಲ. ಡ್ರೋನಿನಿಂದ ಪೊಟ್ಟಣ ಬೀಳಿಸಬೇಕೆಂದರೆ ತಂತ್ರಾಂಶ ಮಾಡುವುದಿಷ್ಟೇ: ಒಂದು ಪುಟ್ಟ ಸರ್ವೊ ಮೋಟಾರಿಗೆ ಹೋಗುವ ವಿದ್ಯುತ್ ಮಿಡಿತದ ಅಗಲವನ್ನು ಒಂದು ಮಿಲಿಸೆಕೆಂಡಿನಿಂದ ಎರಡಕ್ಕೆ ಬದಲಾಯಿಸುವುದು. ಕೊಕ್ಕೆ ತೆರೆದುಕೊಳ್ಳುತ್ತದೆ. ನಮ್ಮ ಗೌರಿಬಿದನೂರಿನಲ್ಲಿ 2021ರಲ್ಲಿ ಡ್ರೋನಿನಿಂದ ಔಷಧ ಸಾಗಿಸುವ ಪ್ರಯೋಗ ನಡೆಯಿತು. ಕೊಕ್ಕೆಯಲ್ಲಿ ಔಷಧವಿದೆಯೋ ಗ್ರೆನೇಡ್ ಇದೆಯೋ ಆ ಮಿಡಿತಕ್ಕೆ ಗೊತ್ತಾಗುವ ಉಪಾಯವಿಲ್ಲ.

ಭಾರತದಲ್ಲಿ ಬಂದೂಕಿನ ವಿಷಯ ಅಮೆರಿಕದಷ್ಟು ಗೋಜಲಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಪರವಾನಗಿಯಿಲ್ಲದೆ ಬಂದೂಕು ತಯಾರಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಶಿಕ್ಷೆ ಏಳು ವರ್ಷದಿಂದ ಜೀವಾವಧಿಯವರೆಗೆ. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಪಡೆದಿರುವ ಕೊಡವರಿಗೂ ತಯಾರಿಸಲು ವಿನಾಯಿತಿಯಿಲ್ಲ. ಮಾಡಿದ್ದು ಲೇತಿನಲ್ಲೋ ಪ್ರಿಂಟರಿನಲ್ಲೋ ಎಂದು ಕಾಯ್ದೆ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಬಿಹಾರದ ಮುಂಗೇರಿನಲ್ಲಿ ಅಕ್ರಮ ಪಿಸ್ತೂಲು ಮಾಡುವ ವಿದ್ಯೆ ಯಾವ ಫೈಲೂ ಇಲ್ಲದೆ ಕೈಯಿಂದ ಕೈಗೆ ದಾಟಿಕೊಂಡು ಬಂದಿದೆ. ಮಲೆನಾಡಿನ ನಾಡಬಂದೂಕಿನ ಕಥೆಯೂ ಅದೇ.

ರಫ್ತಿಗೆ ಪರವಾನಗಿ ಬೇಕಾದ ಸರಕು, ತಂತ್ರಜ್ಞಾನಗಳಿಗೆ ನಮ್ಮಲ್ಲಿ ಸ್ಕೋಮೆಟ್ ಎಂಬ ಪಟ್ಟಿಯಿದೆ. ಗೊತ್ತಾದ ಸಾಮರ್ಥ್ಯ ಮೀರಿದ ಮಾನವರಹಿತ ವಿಮಾನಗಳೂ ಅವುಗಳ ತಂತ್ರಜ್ಞಾನವೂ ಅದರಲ್ಲಿ ಸೇರಿವೆ. ಆಯುಧ ಮತ್ತು ಸೂಕ್ಷ್ಮ ತಂತ್ರಜ್ಞಾನದ ರಫ್ತನ್ನು ನಿಯಂತ್ರಿಸಲು ಹಲವು ದೇಶಗಳು ಮಾಡಿಕೊಂಡಿರುವ, 2017ರ ಡಿಸೆಂಬರಿನಲ್ಲಿ ಭಾರತವೂ ಸೇರಿದ ವಾಸೆನಾರ್ ಒಪ್ಪಂದದಂತೆಯೇ ಇಲ್ಲಿಯೂ ಸಾರ್ವಜನಿಕವಾಗಿ ಲಭ್ಯವಿರುವ ಮಾಹಿತಿಗೂ ಮೂಲ ವಿಜ್ಞಾನ ಸಂಶೋಧನೆಗೂ ವಿನಾಯಿತಿ ಇದೆ. ಅಂದರೆ ಬೆಂಗಳೂರಿನ ಒಂದು ತಂಡ ಬರೆದ ತಂತ್ರಾಂಶವನ್ನು ಒಬ್ಬ ವಿದೇಶಿ ಗಿರಾಕಿಗೆ ಗುಟ್ಟಾಗಿ ಮಾರಿದರೆ ಪರವಾನಗಿ ಬೇಕಾದೀತು, ಇಡೀ ಜಗತ್ತಿಗೆ ಪುಕ್ಕಟೆ ಹಂಚಿದರೆ ಬೇಡ. ಈ ವಿಚಿತ್ರವನ್ನು ಸರಿಪಡಿಸಲು ವಿನಾಯಿತಿಯನ್ನೇ ಕಿತ್ತುಹಾಕಿ ಎನ್ನುವವರ ಜೊತೆ ನಾನಿಲ್ಲ. ಹಾಗೆ ಮಾಡಿದರೆ ಮೊದಲು ಸಿಕ್ಕಿಬೀಳುವುದು ಸಂಶೋಧನ ಪ್ರಬಂಧ ಬರೆಯುವ ವಿದ್ಯಾರ್ಥಿ. ಮುದ್ರಿತ ಬಂದೂಕಿಗೂ ಕಾರ್ಖಾನೆಯ ತೋಟೆಯೇ ಬೇಕು, ಡ್ರೋನಿಗೆ ಸ್ಫೋಟಕವೇ ಬೇಕು. ಎರಡನ್ನೂ ಫೈಲಿನಂತೆ ನಕಲು ಮಾಡಲಾಗದು, ಎರಡಕ್ಕೂ ನಮ್ಮಲ್ಲಿ ಹಳೆಯ ಕಾಯ್ದೆಗಳಿವೆ, ಅಂಗಡಿಯ ರಿಜಿಸ್ಟರುಗಳಿವೆ. ಕ್ವಾರಿಗಳಿಗೆಂದು ಹೋಗುವ ಜಿಲೆಟಿನ್ ಕಡ್ಡಿಗಳ ಲೆಕ್ಕ ಸರಿಯಾಗಿ ಇಡುವುದು ಫೈಲುಗಳ ಬೆನ್ನು ಹತ್ತುವುದಕ್ಕಿಂತ ಬೇಸರದ ಕೆಲಸ. ಸರ್ಕಾರದ ಶ್ರಮ ಮೊದಲು ಹೋಗಬೇಕಾದದ್ದು ಅಲ್ಲಿಗೆ ಎಂಬುದು ನನ್ನ ಅಭಿಪ್ರಾಯ.