ಕಲ್ಲು ರಸ್ತೆಗೆ ಹೋಗುವಾಗ ಟಯರ್‌ಗೆ ಗಾಳಿ ಜಾಸ್ತಿ ಹೊಡೆಸಬೇಕಾ?

ಓದುಗರ ಪ್ರಶ್ನೆ: ಜುಲೈ ರಜೆಯಲ್ಲಿ ಅಡಿಲೇಡ್‌ನಿಂದ ಊಡ್ನಡಾಟಾ ಟ್ರ್ಯಾಕ್ ಕಡೆ ಹೋಗೋಣ ಅಂತ ಫೋರ್ ವೀಲ್ ಡ್ರೈವ್ ಕ್ಯಾಂಪರ್ (ಮಲಗಲು, ಅಡುಗೆಗೆ ಜಾಗವಿರುವ ಗಾಡಿ) ಬಾಡಿಗೆಗೆ ಹಿಡಿದಿದ್ದೇವೆ. ನಾವಿಬ್ಬರು, ಇಬ್ಬರು ಮಕ್ಕಳು. ಪೂರ್ತಿ ಕಲ್ಲು ರಸ್ತೆಯಂತೆ. ಪಂಕ್ಚರ್ ಆಗದ ಹಾಗೆ ನಾಲ್ಕೈದು ಪಾಯಿಂಟ್ ಗಾಳಿ ಜಾಸ್ತಿ ಹೊಡೆಸಿಕೊಂಡು ಹೋದರೆ ಒಳ್ಳೆಯದಲ್ವಾ? ಬೇರೆ ಏನು ತಯಾರಿ ಬೇಕು?

ಬೇಡ. ಜಾಸ್ತಿ ಹೊಡೆಸಬೇಡಿ. ಇರುವುದರಲ್ಲೇ ಕಮ್ಮಿ ಮಾಡಿ.

ಈ ಉತ್ತರ ಕೊಟ್ಟು ಕೊಟ್ಟು ಬಾಯಿ ಸೋತಿದೆ. ಇಲ್ಲಿ ಆಸ್ಟ್ರೇಲಿಯಾದಲ್ಲಿ ಚಳಿ ಶುರುವಾಗಿ ಔಟ್‌ಬ್ಯಾಕ್ ಅನ್ನುವ ಒಣ ಒಳನಾಡಿನ ಪ್ರವಾಸದ ಕಾಲ ಬಂತೆಂದರೆ, ಕನ್ನಡದವರು ಸೇರಿದ ಕಡೆಯಲ್ಲೆಲ್ಲ ಯಾರಾದರೂ ಇದನ್ನು ಕೇಳುತ್ತಾರೆ. ನಾನು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಪಕ್ಕದಲ್ಲಿ ಕೂತವರೊಬ್ಬರು, "ಅದೆಲ್ಲ ಸುಮ್ನೆ ರೀ, ಟಯರ್ ಗಟ್ಟಿ ಇದ್ದರೆ ಕಲ್ಲು ಏನೂ ಮಾಡಲ್ಲ" ಅನ್ನುತ್ತಾರೆ. ಕೇಳಿದವರು ಅವರ ಮಾತನ್ನೇ ನಂಬಿ ಹೊರಡುತ್ತಾರೆ. ಹಾಗಾಗಿ ಈ ಸಲ ಕಾರಣ ಸಮೇತ, ನಿಧಾನವಾಗಿ ಹೇಳುತ್ತೇನೆ. ನೀರು, ಡೀಸೆಲ್ ವಿಷಯ ಆಮೇಲೆ ನೋಡೋಣ.

ಗಟ್ಟಿ ಟಯರ್ ಒಳ್ಳೆಯದು ಅನ್ನುವ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಟಯರ್ ಒಳಗೆ ಟ್ಯೂಬ್ ಇರುತ್ತಿದ್ದ ಕಾಲದಲ್ಲಿ ಅದು ಸರಿಯಾದ ಮಾತೇ ಆಗಿತ್ತು. ಗಾಳಿ ಕಮ್ಮಿ ಇದ್ದರೆ, ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೂ ಟಯರ್‌ಗೂ ನಡುವೆ ಸಿಕ್ಕಿ ತೂತಾಗುತ್ತಿತ್ತು. ಒಳಗೊಳಗೇ ಉಜ್ಜಿಕೊಂಡು ಸವೆಯುತ್ತಿತ್ತು. ಪಂಕ್ಚರ್ ಅಂಗಡಿಯವರ ಹತ್ತಿರ ಅಪ್ಪಂದಿರು, ಮಾವಂದಿರು ಬೈಸಿಕೊಂಡು ಕಲಿತ ಪಾಠ ಅದು. ಡಾಂಬರು ರಸ್ತೆಯಲ್ಲಿ ಗಾಳಿ ಕಮ್ಮಿಯಾದರೆ ಗಾಡಿ ಎಣ್ಣೆ ಜಾಸ್ತಿ ಕುಡಿಯುತ್ತದೆ, ಟಯರ್ ಅಂಚು ಬೇಗ ಸವೆಯುತ್ತದೆ ಅನ್ನುವುದೂ ನಿಜ. ಆದರೆ ನಿಮ್ಮ ಕ್ಯಾಂಪರ್‌ಗೆ ಇರುವುದು ಟ್ಯೂಬ್‌ಲೆಸ್ ರೇಡಿಯಲ್ ಟಯರ್. ನೀವು ಹೋಗುತ್ತಿರುವುದು ಮರ್ರೀ ಊರಿನಿಂದ ಮಾರ್ಲಾವರೆಗೆ, ಸುಮಾರು 620 ಕಿಲೋಮೀಟರ್ ಮಣ್ಣು, ಜಲ್ಲಿಯ ದಾರಿ. ಪಾಠವೇ ಬೇರೆ.

ಕಲ್ಲು ಟಯರನ್ನು ಹರಿಯುವುದು ಹೇಗೆ ಅಂತ ಯೋಚಿಸಿ. ಈ ಸೀಮೆಯಲ್ಲಿ ನೆಲದ ತುಂಬ ಗಿಬ್ಬರ್ ಅನ್ನುವ ಕೆಂಪುಗಂದು ಕಲ್ಲು ಹರಡಿಕೊಂಡಿದೆ. ನೋಡಲು ನುಣುಪಾಗಿ ಹೊಳೆಯುತ್ತದೆ. ಒಡೆದರೆ ಮಾತ್ರ ಅಂಚು ಚೂಪು. ಅಂಥ ಒಂದು ಕಲ್ಲಿನ ಮೇಲೆ ಮೂರು ಟನ್ ತೂಕದ ಗಾಡಿ ಹತ್ತುತ್ತದೆ ಅಂದುಕೊಳ್ಳಿ. ಟಯರ್ ಬಿಗಿಯಾಗಿದ್ದರೆ ಅದು ಬಗ್ಗುವುದಿಲ್ಲ. ಆ ಚಕ್ರದ ಪಾಲಿನ ಭಾರವೆಲ್ಲ ಕಲ್ಲಿನ ಆ ಒಂದು ಮೊನೆಯ ಮೇಲೇ ಕೂರುತ್ತದೆ, ಮೊನೆ ರಬ್ಬರ್ ಒಳಗೆ ಹೋಗುತ್ತದೆ. ಗಾಳಿ ಸ್ವಲ್ಪ ಕಮ್ಮಿ ಇದ್ದರೆ ಟಯರ್ ಕಲ್ಲಿನ ಸುತ್ತ ಬಗ್ಗಿ ಕೂರುತ್ತದೆ, ಭಾರ ಸುತ್ತಲ ನೆಲಕ್ಕೂ ಹಂಚಿಹೋಗುತ್ತದೆ. ತುಂಬ ಊದಿದ ಬಲೂನನ್ನು ಉಗುರಿನಿಂದ ಒತ್ತಿ ನೋಡಿ, ಆಮೇಲೆ ಅರ್ಧ ಊದಿದ್ದನ್ನು ಒತ್ತಿ ನೋಡಿ. ಮಕ್ಕಳಿಗೂ ಅರ್ಥವಾಗುತ್ತದೆ.

ಗಾಳಿ ಕಮ್ಮಿ ಮಾಡಿದರೆ ಇನ್ನೊಂದು ಲಾಭವೂ ಇದೆ. ನೆಲ ಮುಟ್ಟುವ ರಬ್ಬರಿನ ಜಾಗ ಉದ್ದವಾಗುತ್ತದೆ. ಅಗಲಕ್ಕಿಂತ ಉದ್ದವೇ ಜಾಸ್ತಿ ಬೆಳೆಯುತ್ತದೆ. ಅದರಿಂದ ಹಿಡಿತ ಸಿಗುತ್ತದೆ, ಬ್ರೇಕ್ ಹಾಕಿದಾಗ ಗಾಡಿ ಜಾರುವುದು ಕಮ್ಮಿ. ರಸ್ತೆಗೆ ಅಡ್ಡಲಾಗಿ ಸಾಲು ಸಾಲಾಗಿ ಏಳುವ ಸಣ್ಣ ದಿಬ್ಬಗಳಿಗೆ ಇಲ್ಲಿ ಕಾರುಗೇಶನ್ ಅನ್ನುತ್ತಾರೆ. ಬಿಗಿ ಟಯರಿನಲ್ಲಿ ಆ ಪ್ರತಿ ದಿಬ್ಬದ ಏಟು ನೇರವಾಗಿ ಸಸ್ಪೆನ್ಶನ್‌ಗೆ, ಬೋಲ್ಟುಗಳಿಗೆ, ಕ್ಯಾಂಪರಿನ ಕಪಾಟಿನ ಚಿಲಕಕ್ಕೆ, ನಿಮ್ಮ ಬೆನ್ನಿಗೆ ಬೀಳುತ್ತದೆ.

ಹಾಗಾದರೆ ಎಷ್ಟು? ಬಾಡಿಗೆ ಕೊಟ್ಟವರು ಡಾಂಬರು ರಸ್ತೆಗೆ ಹೇಳುವ ಅಂಕಿಯಿಂದ ಶುರು ಮಾಡಿ. ಕ್ಯಾಂಪರ್ ಹೊತ್ತ ಗಾಡಿಗೆ ಹಿಂದಿನ ಟಯರ್‌ಗೆ ಜಾಸ್ತಿ ಇರುತ್ತದೆ. ಜಲ್ಲಿ ರಸ್ತೆಗೆ ಇಳಿಯುವಾಗ ಅದರಲ್ಲಿ ಸುಮಾರು ಕಾಲು ಭಾಗ ಕಳೆಯಿರಿ. ಮುಂದೆ 36, ಹಿಂದೆ 44 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ, ನೀವು ಪಾಯಿಂಟ್ ಅಂದದ್ದು ಇದನ್ನೇ) ಅಂದಿದ್ದರೆ ಮುಂದೆ 27, ಹಿಂದೆ 33 ಆಗುತ್ತದೆ. ಇನ್ನೂ ಇಳಿಸಿ 18ಕ್ಕೆ ತನ್ನಿ ಅನ್ನುವವರೂ ಸಿಗುತ್ತಾರೆ. ಅದು ಮೆತ್ತನೆ ಮರಳಿನ ಲೆಕ್ಕ, ನಿಮ್ಮ ದಾರಿಗೆ ಬೇಡ. ಕಲ್ಲಿನ ಮೇಲೆ ಅಷ್ಟು ಇಳಿಸಿದರೆ ಟಯರಿನ ಪಕ್ಕೆ ಉಬ್ಬಿ ಹೊರಗೆ ಬರುತ್ತದೆ. ಪಕ್ಕೆಯ ರಬ್ಬರ್ ತೆಳು. ಅಲ್ಲಿ ಹರಿದರೆ ಪ್ಲಗ್ ಹಾಕಿ ಮುಚ್ಚಲು ಆಗುವುದಿಲ್ಲ.

ಈಗ ಜನ ಅರ್ಧ ಕೇಳಿ ಅರ್ಧ ಬಿಡುವ ಮಾತು. ಗಾಳಿ ಇಳಿಸಿದರೆ ವೇಗವನ್ನೂ ಇಳಿಸಲೇಬೇಕು. 80ರ ಮೇಲೆ ಹೋಗಬೇಡಿ, ದಾರಿ ಕೆಟ್ಟಿದ್ದರೆ 60. ಮೆತ್ತಗಿರುವ ಟಯರ್ ಪ್ರತಿ ಸುತ್ತಿಗೂ ಬಗ್ಗಿ ಏಳುತ್ತದೆ, ಅದರಿಂದ ಒಳಗೆ ಶಾಖ ಹುಟ್ಟುತ್ತದೆ. 27 ಇಟ್ಟುಕೊಂಡು 110ರಲ್ಲಿ ಓಡಿಸಿದರೆ ಆ ಶಾಖಕ್ಕೇ ಟಯರ್ ಸಿಡಿಯಬಹುದು. ಆಮೇಲೆ, "ಗಾಳಿ ಕಮ್ಮಿ ಮಾಡಿ ಅಂದ್ರು, ಮಾಡಿದೆ, ಟಯರ್ ಹೋಯ್ತು" ಅನ್ನುವ ಕಥೆ ಊರೆಲ್ಲ ಸುತ್ತುತ್ತದೆ. ಹಳೆಯ ನಂಬಿಕೆ ಇನ್ನಷ್ಟು ಗಟ್ಟಿಯಾಗುವುದು ಹೀಗೆಯೇ.

ಸರಿಯಾಗಿದೆಯೋ ಇಲ್ಲವೋ ತಿಳಿಯುವುದು ಸುಲಭ. ಬೆಳಗ್ಗೆ ಟಯರ್ ತಣ್ಣಗಿರುವಾಗ ಅಳೆದು ಬರೆದಿಡಿ. ಒಂದು ಗಂಟೆ ಓಡಿಸಿ, ನಿಲ್ಲಿಸಿ, ಮತ್ತೆ ಅಳೆಯಿರಿ. 4ರಿಂದ 6 ಪಿಎಸ್‌ಐ ಏರಿದ್ದರೆ ಒಳ್ಳೆಯದು. ಅದಕ್ಕಿಂತ ಜಾಸ್ತಿ ಏರಿದೆ ಅಂದರೆ ನೀವು ಜೋರಾಗಿ ಓಡಿಸುತ್ತಿದ್ದೀರಿ, ಇಲ್ಲವೇ ಹೊತ್ತ ಭಾರಕ್ಕೆ ಗಾಳಿ ಸಾಲುತ್ತಿಲ್ಲ. ಬಿಸಿ ಟಯರಿನಲ್ಲಿ ಏರಿದ ಗಾಳಿಯನ್ನು "ಜಾಸ್ತಿಯಾಯ್ತು" ಅಂತ ಹೊರಗೆ ಬಿಡಬೇಡಿ. ತಣ್ಣಗಾದ ಮೇಲೆ ಅದು ತೀರಾ ಕಮ್ಮಿಯಾಗಿ ಕೂರುತ್ತದೆ.

ಮೊದಲ ಸಲ ಮಾಡುವವರಿಗೆ ಕೈ ಹಿಂಜರಿಯುತ್ತದೆ, ಗೊತ್ತು. ವಾಲ್ವಿನ ಮುಚ್ಚಳ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ, ನೆಲದ ಮೇಲಿಟ್ಟರೆ ಕೆಂಪು ಮಣ್ಣಿನಲ್ಲಿ ಸಿಗುವುದಿಲ್ಲ. ನಡುವಿನ ಪಿನ್ನನ್ನು ಕೀಲಿ ತುದಿಯಿಂದ ಒತ್ತಿ ಹಿಡಿಯಿರಿ. ಗಾಳಿ ತಣ್ಣಗೆ, ಸದ್ದು ಮಾಡುತ್ತ ಬರುತ್ತದೆ. ಅರ್ಧ ನಿಮಿಷಕ್ಕೊಮ್ಮೆ ಗೇಜ್ ಇಟ್ಟು ನೋಡಿ. ಅಂಕಿ ಮುಟ್ಟುವ ಹೊತ್ತಿಗೆ ಟಯರಿನ ತಳ ತುಸು ಉಬ್ಬಿರುತ್ತದೆ, ಪಂಕ್ಚರ್ ಆದಂತೆಯೇ ಕಾಣುತ್ತದೆ. ಆಗಿಲ್ಲ. ಹಾಗೇ ಇರಬೇಕು. ಗೇಜು, 12 ವೋಲ್ಟಿನ ಕಂಪ್ರೆಸರ್ ಎರಡನ್ನೂ ಹೊರಡುವ ಮೊದಲೇ ಕೊಂಡುಕೊಳ್ಳಿ. ಬಾಡಿಗೆ ಗಾಡಿಯಲ್ಲಿ ಇದ್ದೇ ಇರುತ್ತದೆ ಅಂದುಕೊಳ್ಳಬೇಡಿ. ಮಾರ್ಲಾದಲ್ಲಿ ಸ್ಟುವರ್ಟ್ ಹೆದ್ದಾರಿಯ ಡಾಂಬರು ಸಿಕ್ಕ ತಕ್ಷಣ ಮತ್ತೆ ಪೂರ್ತಿ ಗಾಳಿ ತುಂಬಿಸಬೇಕಲ್ಲ.

ಇಷ್ಟೆಲ್ಲ ಮಾಡಿದರೂ ಪಂಕ್ಚರ್ ಆಗಬಹುದು. ಸ್ಟೆಪ್ನಿ ಎರಡಿದ್ದರೆ ಒಳ್ಳೆಯದು. ಗಾಡಿ ಕೈಗೆ ಬಂದ ದಿನ, ಬಾಡಿಗೆಯವರ ಅಂಗಳದಲ್ಲೇ, ಜಾಕಿ ಎಲ್ಲಿದೆ, ಎಲ್ಲಿಗೆ ಕೊಡಬೇಕು, ಸ್ಟೆಪ್ನಿ ಹೇಗೆ ಇಳಿಸಬೇಕು ಅಂತ ಒಮ್ಮೆ ಮಾಡಿ ನೋಡಿ. ಮೆತ್ತನೆ ನೆಲದಲ್ಲಿ ಜಾಕಿ ಹೂತುಹೋಗದ ಹಾಗೆ ಅದರ ಕೆಳಗಿಡಲು ಒಂದು ದಪ್ಪ ಹಲಗೆ ಇಟ್ಟುಕೊಳ್ಳಿ. ಬಾಡಿಗೆ ಕರಾರು ಓದುವಾಗ ಈ ಟ್ರ್ಯಾಕಿಗೆ ಹೋಗಲು ಅನುಮತಿ ಇದೆಯಾ ಅಂತ ಬರಹದಲ್ಲಿ ಕೇಳಿ. ಟಯರ್, ಗಾಡಿಯ ತಳಭಾಗ, ನೀರು ದಾಟುವಾಗ ಆಗುವ ಹಾನಿ, ಇವು ಎಷ್ಟೋ ಕರಾರುಗಳಲ್ಲಿ ವಿಮೆಯ ಹೊರಗೇ ಇರುತ್ತವೆ.

ಇನ್ನು ಉಳಿದ ತಯಾರಿ. ಡೀಸೆಲ್‌ಗೆ ಈ ದಾರಿಯಲ್ಲಿ ಅಷ್ಟು ಗಾಬರಿ ಬೇಡ. ಮರ್ರೀ, ವಿಲಿಯಂ ಕ್ರೀಕ್, ಊಡ್ನಡಾಟಾ, ಮಾರ್ಲಾ, ನಾಲ್ಕೂ ಕಡೆ ಸಿಗುತ್ತದೆ. ನಡುವೆ ತಲಾ 200 ಕಿಲೋಮೀಟರ್ ಚಿಲ್ಲರೆ. ಭಾರದ ಕ್ಯಾಂಪರ್ ಮಣ್ಣು ರಸ್ತೆಯಲ್ಲಿ 100 ಕಿಲೋಮೀಟರಿಗೆ 14 ಲೀಟರ್ ಕುಡಿದರೂ 80 ಲೀಟರಿನ ಟ್ಯಾಂಕ್ ಸಾಕು. ಆದರೆ ಸಿಕ್ಕ ಕಡೆಯೆಲ್ಲ ತುಂಬಿಸಿ, ಮುಂದೆ ಪಂಪ್ ಕೆಟ್ಟಿರಬಹುದು.

ನೀರು ತಲೆಗೆ ದಿನಕ್ಕೆ 5 ಲೀಟರಿಗೆ ಕಮ್ಮಿ ಬೇಡ, ಅದರ ಮೇಲೆ ಎರಡು ಮೂರು ದಿನದ್ದು ಹೆಚ್ಚುವರಿ. ಎಲ್ಲವನ್ನೂ ಕ್ಯಾಂಪರಿನ ಟ್ಯಾಂಕಿನಲ್ಲೇ ಇಡಬೇಡಿ. ಕಾರುಗೇಶನ್ ಕುಲುಕಾಟಕ್ಕೆ ಟ್ಯಾಂಕಿನ ಪೈಪು ಕಳಚಿದರೆ ಗೊತ್ತೇ ಆಗದ ಹಾಗೆ ಪೂರ್ತಿ ಸೋರಿಹೋಗುತ್ತದೆ. ಬೇರೆ ಬೇರೆ ಕ್ಯಾನ್‌ಗಳಲ್ಲಿ ಇಡಿ. ಎಣ್ಣೆ ಬಾಟಲಿ, ಉಪ್ಪಿನಕಾಯಿ ಬಾಟಲಿಗಳ ಮುಚ್ಚಳಕ್ಕೆ ಟೇಪ್ ಸುತ್ತಿ, ನೆಟ್ಟಗೆ ನಿಲ್ಲುವ ಹಾಗೆ ಬಟ್ಟೆ ನಡುವೆ ಇಡಿ. ಗ್ಯಾಸ್ ಸಿಲಿಂಡರ್ ಓಡಾಟದಲ್ಲಿ ಯಾವಾಗಲೂ ಬಂದ್ ಇರಲಿ.

ಊರು ಬಿಟ್ಟರೆ ಮೊಬೈಲ್ ಸಿಗ್ನಲ್ ಇಲ್ಲ. ಸ್ಯಾಟಲೈಟ್ ಫೋನ್ ಅಥವಾ ಪರ್ಸನಲ್ ಲೊಕೇಟರ್ ಬೀಕನ್ (ಆಪತ್ತಿನಲ್ಲಿ ನೀವಿರುವ ಜಾಗ ತಿಳಿಸಿ ನೆರವು ಕೇಳುವ ಚಿಕ್ಕ ಸಾಧನ) ಬಾಡಿಗೆಗೆ ಸಿಗುತ್ತದೆ, ತೆಗೆದುಕೊಳ್ಳಿ. ಗಾಡಿ ಕೆಟ್ಟರೆ ಗಾಡಿ ಬಿಟ್ಟು ನಡೆದು ಹೋಗಬೇಡಿ. ಇದನ್ನು ಕೈಮುಗಿದು ಹೇಳುತ್ತೇನೆ. ಗಾಡಿಯಲ್ಲಿ ನೆರಳಿದೆ, ನೀರಿದೆ, ಮೇಲಿಂದ ಹುಡುಕುವವರಿಗೆ ಗಾಡಿ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಜುಲೈ ಅನ್ನುವುದು ಒಳ್ಳೆಯ ಆಯ್ಕೆ. 1960ರ ಜನವರಿ 2ರಂದು ಇದೇ ಊಡ್ನಡಾಟಾದಲ್ಲಿ 50.7 ಡಿಗ್ರಿ ಬಿಸಿಲು ದಾಖಲಾಗಿತ್ತು, ಬೇಸಿಗೆಯಲ್ಲಿ ಆ ಕಡೆ ತಲೆ ಹಾಕಬೇಡಿ. ಮಳೆ ಬಂದರೆ ಜೇಡಿಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಯಾವ ಫೋರ್ ವೀಲ್ ಡ್ರೈವೂ ನಡೆಯುವುದಿಲ್ಲ. ರಸ್ತೆ ಮುಚ್ಚಿದೆ ಅಂತ ಬೋರ್ಡ್ ಇದ್ದರೆ, ಬಿಸಿಲು ಬಂದಿದ್ದರೂ ಮುಚ್ಚಿದೆ ಅಂತಲೇ ಅರ್ಥ. ಎದುರಿಗೆ ರೋಡ್ ಟ್ರೇನ್, ಅಂದರೆ ಹಲವು ಟ್ರೇಲರ್ ಎಳೆಯುವ ಲಾರಿ, ಬಂದರೆ ಪಕ್ಕಕ್ಕೆ ನಿಂತು ಧೂಳು ಇಳಿಯುವವರೆಗೆ ಕಾಯಿರಿ. 50 ಮೀಟರಿಗೂ ಉದ್ದ ಇರಬಹುದು ಅವು. ಕತ್ತಲಾದ ಮೇಲೆ ಓಡಿಸಬೇಡಿ, ಕಾಂಗರೂ, ದನ ಎರಡೂ ರಸ್ತೆಗೆ ಬರುತ್ತವೆ.

ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಬೇಕು ಅನ್ನಿಸುತ್ತದೆ. ಇಂಥ ಒಣ ನೆಲದಲ್ಲಿ ರಸ್ತೆ ಇಲ್ಲೇ ಯಾಕೆ ಹೋಗಿದೆ? ನೀರಿಗಾಗಿ. ನೆಲದಡಿ ಗ್ರೇಟ್ ಆರ್ಟೀಸಿಯನ್ ಬೇಸಿನ್ ಅನ್ನುವ ಭಾರಿ ಜಲಭಂಡಾರವಿದೆ, ಸುಮಾರು 17 ಲಕ್ಷ ಚದರ ಕಿಲೋಮೀಟರ್ ಹರಡಿದೆ. ಅದರ ಅಂಚಿನಲ್ಲಿ ಒತ್ತಡಕ್ಕೆ ನೀರು ತಾನಾಗಿ ಮೇಲಕ್ಕೆ ಉಕ್ಕಿ, ಉಪ್ಪು, ಸುಣ್ಣ, ಮಣ್ಣು ಕಟ್ಟಿಕೊಂಡು ದಿಬ್ಬದ ಮೇಲೆ ಚಿಲುಮೆಯಾಗಿ ನಿಲ್ಲುತ್ತದೆ. ಈ ಚಿಲುಮೆಗಳ ಸಾಲು ಇಲ್ಲಿನ ಮೂಲನಿವಾಸಿಗಳಾದ ಅರಬಾನಾ ಜನರಿಗೆ ಬಹಳ ಹಿಂದಿನಿಂದ ಗೊತ್ತಿದ್ದ ದಾರಿ. 1859ರಿಂದ ಅನ್ವೇಷಕ ಜಾನ್ ಮೆಕ್‌ಡೌಲ್ ಸ್ಟುವರ್ಟ್ ಇದೇ ಸಾಲು ಹಿಡಿದು ಉತ್ತರಕ್ಕೆ ನಡೆದ. ಅವನ ಹಿಂದೆ 1872ರಲ್ಲಿ ಟೆಲಿಗ್ರಾಫ್ ತಂತಿ ಬಂತು. ಡಾರ್ವಿನ್‌ನಲ್ಲಿ ಸಮುದ್ರಕ್ಕಿಳಿದ ಆ ಸಂದೇಶ ಜಾವಾ, ಸಿಂಗಪುರ ದಾಟಿ, ನಮ್ಮ ಮದ್ರಾಸು, ಬೊಂಬಾಯಿ ಮೂಲಕವೇ ಲಂಡನ್‌ಗೆ ಹೋಗುತ್ತಿತ್ತು. ಉಗಿಬಂಡಿಗೂ ನೀರು ಬೇಕಿತ್ತಲ್ಲ, ರೈಲೂ ಇಲ್ಲೇ ಬಂತು. 1891ರಲ್ಲಿ ಊಡ್ನಡಾಟಾ ಮುಟ್ಟಿತು, 1980ರಲ್ಲಿ ನಿಂತಿತು. ಈಗ ನೀವು ಓಡಿಸುವ ರಸ್ತೆಯ ಪಕ್ಕದಲ್ಲಿ ಅದರ ಏರಿ, ಸೇತುವೆ, ಪಾಳುಬಿದ್ದ ನಿಲ್ದಾಣ ಎಲ್ಲ ಕಾಣುತ್ತವೆ.

ರೈಲು ತಲುಪದ ಕಡೆಗೆ ಸಾಮಾನು ಹೊತ್ತಿದ್ದು ಒಂಟೆಗಳು. ಒಂಟೆ ನಡೆಸಿದವರನ್ನು ಇಲ್ಲಿ ಎಲ್ಲರೂ ಅಫ್ಘಾನರು ಅಂದರು. ಅವರಲ್ಲಿ ಎಷ್ಟೋ ಮಂದಿ ಬಲೂಚಿಸ್ತಾನ, ಸಿಂಧ್, ಪಂಜಾಬ್ ಕಡೆಯವರು, ಕರಾಚಿಯಿಂದ ಹಡಗು ಹತ್ತಿದವರು. ಮರ್ರೀಯಲ್ಲಿ ಅವರ ನೆನಪಿಗೆ ಮಣ್ಣು ಗೋಡೆಯ ಚಿಕ್ಕ ಮಸೀದಿಯೊಂದನ್ನು ಮತ್ತೆ ಕಟ್ಟಿದ್ದಾರೆ. ಟಯರ್ ಗಾಳಿ ಇಳಿಸಲು ಆ ಊರಲ್ಲಿ ಹೇಗೂ ನಿಲ್ಲುತ್ತೀರಿ, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ಅಲ್ಲಿಂದ ವಿಲಿಯಂ ಕ್ರೀಕ್‌ವರೆಗಿನ 200 ಕಿಲೋಮೀಟರನ್ನು ಒಂದೇ ದಿನದಲ್ಲಿ ಮುಗಿಸಬೇಡಿ. ದಾರಿಯಲ್ಲಿ ಬಬ್ಲರ್ ಅನ್ನುವ ಚಿಲುಮೆ ಇದೆ, ತಳದ ಮರಳು ಕೊತಕೊತ ಎದ್ದು ಬೀಳುತ್ತಿರುತ್ತದೆ. ಅಲ್ಲಿ ಹಾಕಿರುವ ಹಲಗೆಯ ದಾರಿ ಬಿಟ್ಟು ಕೆಳಗಿಳಿಯಬೇಡಿ, ಅಂಚು ಬಲು ನಾಜೂಕು. ರಾತ್ರಿಗೆ ಕವರ್ಡ್ ಸ್ಪ್ರಿಂಗ್ಸ್‌ನಲ್ಲಿ ಟೆಂಟ್ ಜಾಗ ಸಿಗುತ್ತದೆ, ಉಗುರುಬೆಚ್ಚನೆ ಬುಗ್ಗೆ ನೀರಿನ ತೊಟ್ಟಿಯೂ ಇದೆ. ಮಕ್ಕಳ ಈಜು ಬಟ್ಟೆ ಕೈಗೆ ಸಿಗುವ ಚೀಲದಲ್ಲೇ ಇಟ್ಟುಕೊಳ್ಳಿ.