ಸೇರು ದೊಡ್ಡದಾಗಿದೆ, ಅಕ್ಕಿ ಅಷ್ಟೇ ಇದೆ

ಕಳೆದ ಮಳೆಗಾಲದ ಕೊನೆಗೆ ಧರ್ಮತ್ತಡ್ಕ ಕಡೆಯ ಅಡಿಕೆ ಕೃಷಿಕರೊಬ್ಬರು ತಮ್ಮ ಹಳೆಯ ಥಾರ್ ಗಾಡಿಯನ್ನು ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ನನ್ನ ವರ್ಕ್‌ಶಾಪಿಗೆ ತಂದರು. ಲೀಟರಿಗೆ 13 ಕಿಲೋಮೀಟರ್ ಕೊಡುತ್ತಿದ್ದದ್ದು 11ಕ್ಕೆ ಇಳಿದಿದೆ ಎಂಬುದು ಅವರ ದೂರು. ನನ್ನಲ್ಲಿಗೆ ಬರುವ ಮೊದಲೇ ಬೇರೊಂದು ಕಡೆ ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ನಾಲ್ಕೂ ಇಂಜೆಕ್ಟರುಗಳನ್ನು ಬಿಚ್ಚಿಸಿ, ಎರಡನ್ನು ಹೊಸದಾಗಿ ಹಾಕಿಸಿ, ಅಡಿಕೆ ಮಾರಿದ ದುಡ್ಡಿನ ಒಂದು ದೊಡ್ಡ ಪಾಲನ್ನು ಅಲ್ಲಿ ಕಳೆದಿದ್ದರು. ಮೈಲೇಜು ಮಾತ್ರ ಇದ್ದಲ್ಲೇ ಇತ್ತು. ನಾನು ಬಾನೆಟ್ ತೆರೆಯಲಿಲ್ಲ. ಚಕ್ರದ ಪಕ್ಕ ಕುಳಿತು ಟಯರಿನ ಬದಿಯ ಅಂಕೆ ಓದಿದೆ: 265/75 ಆರ್16. ಆ ಗಾಡಿಗೆ ಕಂಪೆನಿ ಕೊಟ್ಟದ್ದು 235/70 ಆರ್16. ಮೊದಲ ಅಂಕೆ ಮಿಲಿಮೀಟರಿನಲ್ಲಿ ಟಯರಿನ ಅಗಲ, ಎರಡನೆಯದು ಟಯರಿನ ಬದಿಯ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು, ಕೊನೆಯದು ರಿಮ್ಮಿನ ಇಂಚು.

"ಟಯರು ಬದಲಾಯಿಸಿದ್ದು ಯಾವಾಗ?"

"ಮೇ ತಿಂಗಳಲ್ಲಿ, ಮಳೆಗೆ ಮೊದಲು."

"ಮೈಲೇಜು ಇಳಿದದ್ದು?"

"ಜೂನಿನಿಂದ."

ಇದೇ ಮಾತುಕತೆಯನ್ನು ನಾನು ವರ್ಷಕ್ಕೆ ಹತ್ತು ಹನ್ನೆರಡು ಸಲವಾದರೂ ಆಡುತ್ತೇನೆ. ಪ್ರತಿ ಸಲವೂ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟು ಟಯರು ಹಾಕಿಸಿದವರ ಮೇಲಲ್ಲ, ಟಯರು ಮಾರುವಾಗ ಎರಡು ನಿಮಿಷ ಕುಳಿತು ವಿಷಯ ಹೇಳದವರ ಮೇಲೆ.

ಗಾಡಿಯ ಓಡೋಮೀಟರ್, ಅಂದರೆ ಓಡಿದ ದೂರ ತೋರಿಸುವ ಮೀಟರು, ರಸ್ತೆಯನ್ನು ಅಳೆಯುವುದಿಲ್ಲ, ಚಕ್ರ ಎಷ್ಟು ಸುತ್ತು ತಿರುಗಿತು ಎಂದು ಎಣಿಸುತ್ತದೆ. ಒಂದು ಸುತ್ತಿಗೆ ಇಷ್ಟು ದೂರ ಎಂದು ಕಾರ್ಖಾನೆಯಲ್ಲಿ ಅದಕ್ಕೆ ಹೇಳಿಕೊಟ್ಟಿರುತ್ತಾರೆ. ನೀವು ಟಯರು ಬದಲಾಯಿಸಿದ್ದು ಅದಕ್ಕೆ ಗೊತ್ತೇ ಇಲ್ಲ. ಹಳೆಯ ಲೆಕ್ಕವನ್ನೇ ಬರೆಯುತ್ತಾ ಹೋಗುತ್ತದೆ.

ನಮ್ಮಲ್ಲಿ ಹಿಂದೆ ಒಂದು ಮುಡಿ ಅಕ್ಕಿ ಎಂದರೆ 42 ಸೇರು. ಯಾರೋ ಮನೆಯ ಸೇರನ್ನು ತೆಗೆದು, ಅದಕ್ಕಿಂತ ತುಸು ದೊಡ್ಡ ಸೇರನ್ನು ಅಲ್ಲಿಟ್ಟಿದ್ದಾರೆ ಎಂದುಕೊಳ್ಳಿ. ಅಳೆದರೆ 38 ಸೇರು ಬರುತ್ತದೆ. ನಾಲ್ಕು ಸೇರು ಅಕ್ಕಿ ಕಳವಾಯಿತೆಂದು ಕೆಲಸದವರ ಮೇಲೆ ರೇಗುವುದು ನ್ಯಾಯವೇ? ಇಂಜೆಕ್ಟರು ಬಿಚ್ಚಿಸಿದ್ದೂ ಅದೇ ಬಗೆಯ ಅನ್ಯಾಯ.

ಅಂಕೆಯಲ್ಲೇ ನೋಡೋಣ. 235/70 ಆರ್16 ಟಯರಿನ ಒಟ್ಟು ಎತ್ತರ ಸುಮಾರು 735 ಮಿಲಿಮೀಟರ್. ಒಂದು ಸುತ್ತಿಗೆ ಅದು 2.31 ಮೀಟರ್ ಸಾಗುತ್ತದೆ, ಒಂದು ಕಿಲೋಮೀಟರಿಗೆ 433 ಸುತ್ತು ಬೇಕು. 265/75 ಆರ್16 ಟಯರಿನ ಎತ್ತರ 804 ಮಿಲಿಮೀಟರ್. ಅದು ಒಂದು ಸುತ್ತಿಗೆ 2.53 ಮೀಟರ್ ಸಾಗುತ್ತದೆ, ಕಿಲೋಮೀಟರಿಗೆ 396 ಸುತ್ತು ಸಾಕು. ಆದರೆ ಮೀಟರು 433 ಸುತ್ತು ಆಗುವವರೆಗೆ ಒಂದು ಕಿಲೋಮೀಟರ್ ಎಂದು ಬರೆಯುವುದಿಲ್ಲ. ಅಷ್ಟರಲ್ಲಿ ಗಾಡಿ 1,093 ಮೀಟರ್ ಹೋಗಿರುತ್ತದೆ. ಭಾರಕ್ಕೆ ಟಯರು ಕೆಳಗೆ ಸ್ವಲ್ಪ ಒತ್ತಿಕೊಳ್ಳುವುದರಿಂದ ನಿಜವಾದ ಅಳತೆ ಇದಕ್ಕಿಂತ ತುಸು ಕಡಿಮೆ, ಆದರೆ ಎರಡೂ ಟಯರುಗಳಿಗೆ ಅದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇರುತ್ತದೆ. ಹಾಗಾಗಿ ಲೆಕ್ಕ ಕೆಡುವುದಿಲ್ಲ.

ಆ ಕೃಷಿಕರ 11ನ್ನು 1.093ರಿಂದ ಗುಣಿಸಿ: 12. ಅವರು ಕಳೆದುಕೊಂಡೆನೆಂದು ಭಾವಿಸಿದ ಎರಡು ಕಿಲೋಮೀಟರಿನಲ್ಲಿ ಒಂದು ನಿಜವಾಗಿ ನಷ್ಟವಾಗಿರಲೇ ಇಲ್ಲ. ಡ್ಯಾಶ್‌ಬೋರ್ಡಿನಲ್ಲೇ ಮೈಲೇಜು ತೋರಿಸುವ ಗಾಡಿಗಳಲ್ಲೂ ಇದೇ ತಪ್ಪು ಸೇರಿಕೊಳ್ಳುತ್ತದೆ, ಏಕೆಂದರೆ ಆ ಅಂಕೆಯೂ ಚಕ್ರದ ಸುತ್ತಿನಿಂದಲೇ ಬರುವುದು. ಕೆಲವು ಹೊಸ ಗಾಡಿಗಳಲ್ಲಿ ಟಯರಿನ ಅಳತೆಯನ್ನು ಕಂಪ್ಯೂಟರಿಗೆ ತಿಳಿಸಲು ದಾರಿ ಇದೆ, ಎಲ್ಲದರಲ್ಲೂ ಇಲ್ಲ. ನಿಮ್ಮ ಗಾಡಿಯದು ಹೇಗೆ ಎಂದು ತಿಳಿಯದೆ ನಾನು ಖಚಿತವಾಗಿ ಹೇಳಲಾರೆ.

ನೀವೇ ಪರೀಕ್ಷಿಸಬಹುದು. ನಮ್ಮವರಲ್ಲಿ ಬಹಳ ಮಂದಿ ಡೀಸೆಲ್ ಅಗ್ಗವೆಂದು ಗಡಿ ದಾಟಿ ಕರ್ನಾಟಕದ ಬಂಕಿನಲ್ಲಿ ಟ್ಯಾಂಕ್ ತುಂಬಿಸುವವರು. ಹೇಗೂ ಹೋಗುತ್ತೀರಿ. ಕುಂಬಳೆಯಿಂದ ತಲಪಾಡಿಯವರೆಗೆ ಹೆದ್ದಾರಿಯಲ್ಲಿ ಮೊಬೈಲಿನ ಜಿಪಿಎಸ್ ದೂರವನ್ನೂ ಮೀಟರಿನ ದೂರವನ್ನೂ ಬರೆದುಕೊಳ್ಳಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ನಿಮ್ಮ ಗಾಡಿಯ ಗುಣಕ ಸಿಗುತ್ತದೆ. ಬಂದಡ್ಕದ ತಿರುವುಗಳಲ್ಲಿ, ರಬ್ಬರ್ ಮರಗಳ ನಡುವೆ ಇದನ್ನು ಮಾಡಬೇಡಿ, ಜಿಪಿಎಸ್ ಅಲ್ಲಿ ತಪ್ಪುತ್ತದೆ. ಮೈಲೇಜನ್ನು ಒಂದೇ ಬಂಕಿನಲ್ಲಿ ತುಂಬಿಸಿ, ಕನಿಷ್ಠ ಮೂರು ಟ್ಯಾಂಕುಗಳ ಸರಾಸರಿ ತೆಗೆದು ನೋಡಿ. ಒಂದು ಟ್ಯಾಂಕಿನ ಲೆಕ್ಕ ಹಿಡಿದುಕೊಂಡು ಬಂದವರಿಗೆ ನಾನು ಉತ್ತರ ಕೊಡುವುದಿಲ್ಲ.

ಇನ್ನು ಉಳಿದ ಆ ಒಂದು ಕಿಲೋಮೀಟರ್. ಅದು ನಿಜವಾದ ನಷ್ಟ. ಮೊದಲ ಕಾರಣ ತೂಕ. ದೊಡ್ಡ ಟಯರಿನ ಹೆಚ್ಚುವರಿ ತೂಕ ಇರುವುದು ಚಕ್ರದ ಅಂಚಿನಲ್ಲಿ. ಹಿಂದಿನ ಸೀಟಿನಲ್ಲಿಟ್ಟ ಗೊಬ್ಬರದ ಚೀಲವನ್ನು ಮುಂದಕ್ಕೆ ಒಯ್ದರೆ ಸಾಕು, ಅಂಚಿನ ತೂಕವನ್ನು ಮುಂದಕ್ಕೆ ಒಯ್ಯುವುದರ ಜೊತೆಗೆ ತಿರುಗಿಸಲೂ ಬೇಕು. ವೇಗ ಹೆಚ್ಚಿಸುವಾಗ ಅಲ್ಲಿನ ಒಂದು ಕಿಲೋ ಸುಮಾರು ಎರಡು ಕಿಲೋದಷ್ಟು ಭಾರವಾಗುತ್ತದೆ. ನೇರ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವವರಿಗೆ ಇದು ತಿಳಿಯುವುದಿಲ್ಲ. ಆದೂರು, ಮುಳಿಯಾರು, ದೇಲಂಪಾಡಿಯ ನಮ್ಮ ರಸ್ತೆಗಳಲ್ಲಿ ನೂರು ಗಜಕ್ಕೊಂದು ತಿರುವು. ತಿರುಗಿಸಿದ ಚಕ್ರವನ್ನು ಬ್ರೇಕು ಹಾಕಿ ನಿಲ್ಲಿಸುವುದು, ಮತ್ತೆ ತಿರುಗಿಸುವುದು, ದಿನವಿಡೀ ಅದೇ ಕೆಲಸ.

ಎರಡನೆಯದು ಗೇರು. ಟಯರು ಶೇಕಡಾ 9ರಷ್ಟು ಎತ್ತರವಾದರೆ ರಸ್ತೆಗೆ ಸಿಗುವ ಎಳೆತ ಸುಮಾರು 8ರಷ್ಟು ಕಡಿಮೆಯಾಗುತ್ತದೆ. ಮೂರನೇ ಗೇರಿನಲ್ಲಿ ಏರುತ್ತಿದ್ದ ತೋಟದ ಏರನ್ನು ಈಗ ಎರಡನೆಯದರಲ್ಲಿ ಏರಬೇಕು. "ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಹೆಚ್ಚು ದೂರ, ಹಾಗಾದರೆ ಡೀಸೆಲ್ ಉಳಿಯಬೇಕಲ್ಲ" ಎಂದು ಕೇಳುವವರೂ ಇದ್ದಾರೆ. ಸಮತಟ್ಟಿನಲ್ಲಿ ಎಂಜಿನ್ ನಿಧಾನವಾಗಿ ತಿರುಗುವುದರಿಂದ ಸ್ವಲ್ಪ ಲಾಭ ಇರಬಹುದು. ಆದರೆ ಮಣ್ಣು ಹಿಡಿಯುವ ದಪ್ಪ ಗಟ್ಟೆಗಳ ಟಯರು ಡಾಂಬರಿನ ಮೇಲೆ ಉರುಳುವಾಗ ಪ್ರತಿ ಗಟ್ಟೆಯೂ ಮಣಿದು ಏಳುತ್ತದೆ, ಆ ಮಣಿತಕ್ಕೆ ಡೀಸೆಲ್ ಸುಡುತ್ತದೆ. ಅಗಲವೂ ಎತ್ತರವೂ ಹೆಚ್ಚಿದ ಗಾಡಿ ಗಾಳಿಯನ್ನೂ ಹೆಚ್ಚು ನೂಕಬೇಕು. ಆ ಸಣ್ಣ ಲಾಭ ಅಲ್ಲೇ ಮುಗಿಯುತ್ತದೆ. ಒಟ್ಟು ನಷ್ಟ ಎಷ್ಟು ಎಂದು ಫೋನಿನಲ್ಲಿ ಕೇಳಬೇಡಿ. ಟಯರಿನ ಗಟ್ಟೆ, ತೂಕ, ನಿಮ್ಮ ದಾರಿ, ನಿಮ್ಮ ಕಾಲು, ಎಲ್ಲವೂ ಸೇರಿ ಅದನ್ನು ತೀರ್ಮಾನಿಸುತ್ತವೆ.

ರಾಣಿಪುರದ ಗುಡ್ಡಕ್ಕೆ ಹೋಗಿ ಕೆಸರಿನಲ್ಲಿ ಹಿಡಿತ ಸಿಗಲೆಂದು ಗಾಳಿ ಇಳಿಸಿ, ಹಾಗೆಯೇ ಮನೆಯವರೆಗೆ ಓಡಿಸುವ ಹುಡುಗರಿಗೆ ಒಂದು ಮಾತು. ಡೀಸೆಲ್ ಹೋಗುವುದು ಸಣ್ಣ ವಿಷಯ. ಕಡಿಮೆ ಗಾಳಿಯ ಟಯರು ಹೆದ್ದಾರಿಯ ವೇಗದಲ್ಲಿ ಕಾಯ್ದು ಸಿಡಿಯಬಹುದು. ಗಾಳಿ ತುಂಬುವ ಸಣ್ಣ ಪಂಪು ಗಾಡಿಯಲ್ಲೇ ಇರಲಿ.

ರಿಮ್ಮಿನ ಇಂಚಿನ ಬಗ್ಗೆಯೂ ಗೊಂದಲವಿದೆ. 2020ರ ಥಾರ್‌ಗೆ ಕಂಪೆನಿಯೇ 245/75 ಆರ್16 ಮತ್ತು 255/65 ಆರ್18 ಎಂಬ ಎರಡು ಬಗೆಯ ಟಯರು ಕೊಟ್ಟಿತು. ರಿಮ್ಮಿನಲ್ಲಿ ಎರಡು ಇಂಚು ವ್ಯತ್ಯಾಸ, ಟಯರಿನ ಒಟ್ಟು ಎತ್ತರದಲ್ಲಿ 15 ಮಿಲಿಮೀಟರ್ ಮಾತ್ರ. ಮೀಟರಿಗೆ ಮುಖ್ಯವಾದದ್ದು ಈ ಒಟ್ಟು ಎತ್ತರ. ಗಾಡಿಯ ಹೊಟ್ಟೆ ನೆಲದಿಂದ ಮೇಲೇರುವುದೂ ಹೆಚ್ಚಾದ ಎತ್ತರದ ಅರ್ಧದಷ್ಟೇ. ಧರ್ಮತ್ತಡ್ಕದ ಆ ಥಾರ್ 69 ಮಿಲಿಮೀಟರ್ ದೊಡ್ಡ ಟಯರು ಹಾಕಿ 34 ಮಿಲಿಮೀಟರ್ ಏರಿತು.

ನನಗೆ ಕೆಲಸ ಕಲಿಸಿದ ಹಿರಿಯರು ಸರ್ವೀಸ್ ಜೀಪು ಓಡಿಸುತ್ತಿದ್ದವರು. ಹಳೆಯ ಜೀಪಿನ 6.00-16 ಟಯರು ನೋಡಲು ಸಪೂರ. ಹದಿನೈದು ಮಂದಿಯನ್ನು ಹೊತ್ತು ಆಷಾಢದ ಕೆಸರಿನಲ್ಲಿ ಅವರು ಗುಡ್ಡ ಏರಿಸುತ್ತಿದ್ದರು. ಸಪೂರ ಟಯರು ಮೇಲಿನ ರಾಡಿಯನ್ನು ಸೀಳಿ ಕೆಳಗಿನ ಮುರಕಲ್ಲನ್ನು ಹಿಡಿಯುತ್ತದೆ ಎಂದು ಅವರು ಬೆರಳನ್ನು ಕೆಸರಿಗೆ ಚುಚ್ಚಿ ತೋರಿಸಿದ್ದು ನನಗೆ ಇಂದಿಗೂ ನೆನಪಿದೆ. ನಮ್ಮ ನೆಲದಲ್ಲಿ ಗಟ್ಟಿ ಕಲ್ಲು ಕೆಲವೇ ಇಂಚು ಕೆಳಗಿರುತ್ತದೆ. ಮರಳಿನಲ್ಲಿ ತೇಲಬೇಕಾದವರಿಗೆ ಅಗಲ ಟಯರು ಬೇಕು. ತೋಟಕ್ಕೆ ಹೋಗಿ ಬರುವವರಿಗೆ ಕಂಪೆನಿಯ ಅಳತೆಯಲ್ಲೇ ಒಳ್ಳೆಯ ಹಿಡಿತದ ಟಯರು ಹೆಚ್ಚಿನ ಸಲ ಸಾಕಾಗುತ್ತದೆ.

ಕಾನೂನನ್ನೂ ನೋಡಿಕೊಳ್ಳಿ. ಕಂಪೆನಿಯ ಮೂಲ ವಿವರಗಳನ್ನು ಮೀರಿ ಗಾಡಿಯನ್ನು ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದ್ದು ಕೇರಳದಿಂದ ಹೋದ ಪ್ರಕರಣದಲ್ಲೇ. ನಿಮ್ಮ ಅಳತೆಗೆ ಅನುಮತಿ ಇದೆಯೇ ಎಂದು ದುಡ್ಡು ಕೊಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಆ ಕೃಷಿಕರು ದೊಡ್ಡ ಟಯರನ್ನು ಬಿಟ್ಟುಕೊಡಲಿಲ್ಲ, ಅದು ಅವರ ಇಷ್ಟ. ಹೊರಡುವ ಮೊದಲು ನಾನು ಒಂದು ಕಾಗದದಲ್ಲಿ "100 ಎಂದರೆ 109, 80 ಎಂದರೆ 87" ಎಂದು ಬರೆದು ಸ್ಟಿಯರಿಂಗ್ ಪಕ್ಕ ಅಂಟಿಸಿದೆ. ಮೊದಲ ಜೋಡಿ ದೂರಕ್ಕೆ, ಎರಡನೆಯ ಜೋಡಿ ವೇಗಕ್ಕೆ. ಎಂಜಿನ್ ಆಯಿಲನ್ನು ಮೀಟರು 10,000 ತೋರಿಸುವವರೆಗೆ ಕಾಯದೆ 9,100ಕ್ಕೇ ಬದಲಾಯಿಸಬೇಕೆಂದು ಅದರ ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.