ಚಪ್ಪಟೆಯಾದ ಬೆಕ್ಕು ಮತ್ತೆ ಎದ್ದಾಗ

"ಕಾರ್ಟೂನ್ ತಾನೇ, ನೋಡಲಿ ಬಿಡ್ರಿ." ಕೊಪ್ಪಳ, ಗಂಗಾವತಿ ಕಡೆ ಯಾರ ಮನೆಗೆ ಹೋದರೂ ಈ ಮಾತು ಕೇಳುತ್ತದೆ. ಮಗುವಿನ ಕೈಗೆ ಮೊಬೈಲ್ ಹೋಗುತ್ತದೆ. ಆದರೆ ಸಾವನ್ನೇ ತಮಾಷೆ ಮಾಡುವ, ರಕ್ತ ಚಿಮ್ಮುವ ಅನಿಮೇಷನ್ ಕಿರುಚಿತ್ರಗಳೂ ಇವೆ. ಅವನ್ನು ದೊಡ್ಡವರಿಗೆಂದೇ ಮಾಡಿರುತ್ತಾರೆ. ದುಂಡು ಕಣ್ಣು, ಗಾಢ ಬಣ್ಣ ನೋಡಿ ನಾವು ಮೋಸ ಹೋಗುತ್ತೇವೆ.

ಏಟು ಬಿದ್ದರೆ ನಗು ಯಾಕೆ ಬರಬೇಕು? ಇದರ ಹಿಂದಿನ ಕೈಚಳಕ ನನಗೆ ಬಹಳ ಇಷ್ಟ. ಸುತ್ತಿಗೆ ಏಟಿಗೆ ಬೆಕ್ಕು ಚಪ್ಪಟೆಯಾದಾಗ ಕಲಾವಿದರು ಅದನ್ನು ಅಷ್ಟೇ ಅಗಲ ಮಾಡುತ್ತಾರೆ. ಜೋಳದ ರೊಟ್ಟಿ ಬಡಿದ ಹಾಗೆ. ಉಂಡೆ ತೆಳ್ಳಗಾಯಿತು, ಹಿಟ್ಟು ಅಷ್ಟೇ ಇದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಬಿಂಬ. ಕಲಾವಿದರು ಬರೆದ ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೆ 12 ಚಿತ್ರ ಸಾಕು. ಅದರಲ್ಲಿ ನಾಲ್ಕಾರು ಚಿತ್ರ ಕಳೆಯುವಷ್ಟರಲ್ಲಿ ಬೆಕ್ಕು ಮೊದಲಿನಂತಾಗುತ್ತದೆ. ಏನೂ ಕಳೆದುಹೋಗಲಿಲ್ಲ ಅಂತ ಕಣ್ಣಿಗೆ ಖಾತ್ರಿ. ಆಗಬಾರದ್ದು ಆಗಬೇಕು, ಅದೇ ಹೊತ್ತಿಗೆ ಕೇಡಿಲ್ಲ ಅಂತಲೂ ಅನಿಸಬೇಕು, ಆಗ ನಗು ಬರುತ್ತದೆ. ಸಂಶೋಧಕರಾದ ಪೀಟರ್ ಮೆಗ್ರಾ ಮತ್ತು ಕೇಲೆಬ್ ವಾರನ್ 2010ರಲ್ಲಿ ಮುಂದಿಟ್ಟ ವಿವರಣೆ ಇದು. ಸಾವನ್ನೇ ತಮಾಷೆ ಮಾಡುವ ಕರಾಳ ಹಾಸ್ಯದವರು ಬೆಕ್ಕನ್ನು ಏಳಿಸುವುದೇ ಇಲ್ಲ. ನಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಅವರಿಗೆ ಬೇಕಿದ್ದೂ ಅದೇ.

ನಮ್ಮ ಕಡೆಗೆ ಒರಟು ಹಾಸ್ಯ ಹೊಸದೇನಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಆ ತೊಗಲುಗೊಂಬೆ ಆಟದಲ್ಲೂ ನಗಿಸುವ ಜೋಡಿ ಕಿಳ್ಳೇಕ್ಯಾತ, ಬಂಗಾರಕ್ಕರ ಜಗಳ, ಒರಟು ಮಾತು ಇದ್ದೇ ಇರುತ್ತವೆ. ಪರದೆ ಮುಂದೆ ಊರೇ ಕೂತಿರುತ್ತದೆ. ಮೊಬೈಲ್ ಮುಂದೆ ಮಗು ಒಂದೇ.

ಆ ಮಗು ಏನು ಕಲಿಯುತ್ತದೆ? ಅಮೆರಿಕದಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸುಮಾರು 3ರಿಂದ 6 ವರ್ಷದ ಮಕ್ಕಳಿದ್ದರು. ಬೆಕ್ಕಿನ ವೇಷದವಳು ಗೊಂಬೆಗೆ ಹೊಡೆಯುವ ಚಿತ್ರವನ್ನು ಕೆಲವರಿಗೆ ತೋರಿಸಿದರು. ಏನೂ ನೋಡದ ಮಕ್ಕಳಿಗಿಂತ ಇವರು ಆಮೇಲೆ ಜಾಸ್ತಿ ಒರಟಾಟ ಆಡಿದರು. ಆದರೆ ಆ ಗೊಂಬೆಯನ್ನು ಗಮನಿಸಿ. ಬುಡದಲ್ಲಿ ಭಾರ, ಹೊಡೆದಷ್ಟೂ ಎದ್ದು ನಿಲ್ಲುತ್ತದೆ. ಅದು ಇರುವುದೇ ಹೊಡೆಸಿಕೊಳ್ಳಲು ಅಂತ ಟೀಕಾಕಾರರು ಹೇಳಿದರು. ಹಾಗಾಗಿ ಕಾರ್ಟೂನ್ ನೋಡಿದ ಮಗು ಗೆಳೆಯನಿಗೂ ಹೊಡೆದೇ ತೀರುತ್ತದೆ ಅಂತ ಈ ಪ್ರಯೋಗದಿಂದ ಹೇಳಲಾಗದು. ಮಕ್ಕಳು ಪರದೆ ನೋಡಿ ನಕಲು ಮಾಡುತ್ತಾರೆ, ಅಷ್ಟು ಖಂಡಿತ. ಮೊಬೈಲ್ ಕೊಡುವ ಮೊದಲು ಕಿರುಚಿತ್ರವನ್ನು ನೀವೇ ಕೊನೆವರೆಗೂ ನೋಡಿ. ಏಟು ತಿಂದವರು ಏಳುತ್ತಾರಾ, ಇಲ್ವಾ ಅಂತ ನೋಡಿ.